ಪುಣ್ಯಕೋಟಿಯ ಅಕ್ಕತಂಗಿಯರು

ಮಕ್ಕಳಿಗೆ ಕೊಡುವ ಬುದ್ಧಿಯನ್ನು ಕಲಿಸಬೇಕೆಂದು ಹೊರಟ ಉಪಾಧ್ಯಾಯನಿಗೆ ಕನ್ನಡದಲ್ಲಿ ಕಥೆಗಳ ಕೊರತೆಯೇನೂ ಇಲ್ಲ. ಕರ್ಣನಿದ್ದಾನೆ, ಬಲಿಯಿದ್ದಾನೆ, ಶಿಬಿಯಿದ್ದಾನೆ, ಹರಿಶ್ಚಂದ್ರನಿದ್ದಾನೆ. ಇವರೆಲ್ಲರಿಗಿಂತ ಮೊದಲು ನಾಲಗೆಯ ಮೇಲೆ ಬರುವ ಪುಣ್ಯಕೋಟಿಯಿದ್ದಾಳೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದಿರುವ ಈ ಇಪ್ಪತ್ತು ವರ್ಷಗಳಲ್ಲಿ ಈ ಕಥೆಗಳನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಹೇಳುವಾಗ ಒಮ್ಮೆಯೂ ತಡವರಿಸಿದ್ದಿಲ್ಲ. ತಡವರಿಸಿದ್ದು ಬೀಚನಹಳ್ಳಿಯಲ್ಲಿ, ಐದನೆಯ ತರಗತಿಯ ಒಬ್ಬ ಹುಡುಗಿಯ ಮುಂದೆ.

ಬೀಚನಹಳ್ಳಿಯ ಹೆಸರು ಕೇಳದವರಿಗೂ ಕಬಿನಿ ಅಣೆಕಟ್ಟೆಂದರೆ ತಿಳಿದೀತು. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಗೆ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಈ ಊರಿನ ಬಳಿ ಕಟ್ಟೆ ಹಾಕಿದ್ದಾರೆ. ಕಟ್ಟೆ ಮುಗಿದದ್ದು 1974ರಲ್ಲಿ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆಂದು ಐವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಈ ಯೋಜನೆ ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಿ, ಒಂದು ಶಿಬಿರದಲ್ಲಿ ಭಾಗವಹಿಸಿದ ವಿದ್ಯಾರ್ಥಿಗೆ ಪ್ರಮಾಣಪತ್ರ ದೊರೆಯುತ್ತದೆ. ಸೇವೆಯನ್ನು ಗಂಟೆಯಲ್ಲಿ ಅಳೆಯುವುದು ಸರಿಯೇ ಎಂದು ಕೇಳುವವರುಂಟು. ಅಳೆಯದೆ ಇದ್ದರೆ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಬಸ್ಸು ಹತ್ತುತ್ತಿದ್ದರು ಎಂದು ಕೇಳಿಕೊಂಡರೆ ನಾನಂತೂ ಸುಮ್ಮನಾಗುತ್ತೇನೆ.

ಮೂರನೆಯ ಸಂಜೆ ಶಾಲೆಯ ಅಂಗಳದಲ್ಲಿ ಊರಿನ ಮಕ್ಕಳ ಕಾರ್ಯಕ್ರಮವಿತ್ತು. ನಾಲ್ಕೈದು ಮಕ್ಕಳು ಹಸುಗಳಾಗಿ, ಒಬ್ಬ ಹುಡುಗ ಮುಖಕ್ಕೆ ಅರಿಸಿನ ಮಸಿ ಬಳಿದುಕೊಂಡು ಹುಲಿಯಾಗಿ, ಗೋವಿನ ಹಾಡನ್ನು ಹಾಡುತ್ತ ಅಭಿನಯಿಸಿದರು. ಹುಲಿ ಪ್ರಾಣ ಬಿಡುವ ಕಡೆ ಎಲ್ಲರೂ ಗೊಳ್ಳೆಂದು ನಕ್ಕರು. ಅಷ್ಟು ಚೆನ್ನಾಗಿ ಆ ಹುಡುಗ ಬಿದ್ದ. ಉಪಾಧ್ಯಾಯನ ಚಟ ಬಿಡುವುದುಂಟೇ? ಮುಗಿದ ಮೇಲೆ ನಾನು ಎದ್ದು ನಿಂತು, “ಇದರಿಂದ ಏನು ಕಲಿತಿರಿ?” ಎಂದು ಕೇಳಿದೆ. “ಸತ್ಯ ಹೇಳಬೇಕು” ಎಂದು ಒಂದೇ ಕಂಠದಲ್ಲಿ ಉತ್ತರ ಬಂತು. ಸಂತೋಷದಿಂದ ಕುಳಿತುಕೊಳ್ಳುವುದರಲ್ಲಿದ್ದೆ. ಹಸುವಾಗಿದ್ದ ಹುಡುಗಿಯೊಬ್ಬಳು, ತಲೆಗೆ ಕಟ್ಟಿದ್ದ ರಟ್ಟಿನ ಕೊಂಬನ್ನು ಬಿಚ್ಚುತ್ತ, “ಸಾ, ಆ ಹಸಗೋಳು ಹೂಂ ಅಂದ್ವಾ?” ಎಂದಳು.

ಯಾವ ಹಸುಗಳೆಂದು ನನಗೆ ಮೊದಲು ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪುಣ್ಯಕೋಟಿ ಹುಲಿಯ ಬಳಿಗೆ ಹಿಂದಿರುಗುವ ಮುನ್ನ ದೊಡ್ಡಿಯ ಮಿಕ್ಕ ಹಸುಗಳನ್ನು ಅಮ್ಮಂದಿರೆ, ಅಕ್ಕಂದಿರೆ ಎಂದು ಕರೆದು, ತನ್ನ ತಬ್ಬಲಿ ಕರುವನ್ನು ಅವರ ಕೈಗೆ ಒಪ್ಪಿಸುತ್ತದಷ್ಟೆ? ಮುಂದೆ ಬಂದರೆ ಹಾಯಬೇಡಿರಿ, ಹಿಂದೆ ಬಂದರೆ ಒದೆಯಬೇಡಿರಿ, ನಿಮ್ಮದೆಂದೇ ಕಾಣಿರಿ ಎಂದು ಬೇಡಿಕೊಳ್ಳುತ್ತದಷ್ಟೆ? ಆ ಮಾತಿಗೆ ಆ ಹಸುಗಳು ಒಪ್ಪಿದುವೋ ಇಲ್ಲವೋ ಎಂಬುದು ಅವಳ ಪ್ರಶ್ನೆ.

ಉತ್ತರ ನನ್ನಲ್ಲಿರಲಿಲ್ಲ. ಇದ್ದೀತೆಂದು ಮನಸ್ಸಿನಲ್ಲಿಯೇ ಹಾಡನ್ನು ಓಡಿಸಿಕೊಂಡು ನೋಡಿದೆ. ನಾನು ಕಲಿತ, ಕಲಿಸಿದ ಪಾಠದಲ್ಲಿ ಅವು ಏನೂ ಹೇಳುವುದಿಲ್ಲ. ತಾಯಿ ಬೇಡುತ್ತದೆ, ಕೂಡಲೇ ಕರುವಿನ ಕಡೆಗೆ ತಿರುಗಿ ಅದನ್ನು ತಬ್ಬಿಕೊಳ್ಳುತ್ತದೆ, ಹೊರಟುಹೋಗುತ್ತದೆ. ಆಮೇಲೆ ಹುಲಿಯ ಮನಸ್ಸು ಕರಗಿ ಅದು ಪ್ರಾಣ ಬಿಟ್ಟದ್ದರಿಂದ ಪುಣ್ಯಕೋಟಿ ಮನೆಗೆ ಬಂತು, ಕರುವಿಗೆ ಹಾಲು ಸಿಕ್ಕಿತು, ಅಕ್ಕತಂಗಿಯರು ಉತ್ತರ ಕೊಡಬೇಕಾದ ಪ್ರಸಂಗವೇ ತಪ್ಪಿತು. ಅರ್ಬುತ ಎಂಬ ಆ ಹುಲಿ ಸತ್ತು ಪುಣ್ಯಕೋಟಿಯನ್ನು ಉಳಿಸಿತು ಎಂದು ನಾವು ಹೇಳುತ್ತೇವೆ. ನೆರೆಹೊರೆಯನ್ನೂ ಅದು ಉಳಿಸಿತು ಎಂದು ನನಗೆ ಆ ಸಂಜೆ ತೋರಿತು.

ಈ ಹಾಡಿನ ಮೇಲೆ ನಾನು ಎಷ್ಟು ಪ್ರಶ್ನೆಪತ್ರಿಕೆಗಳನ್ನು ಕಂಡಿದ್ದೇನೆ! ಸತ್ಯದ ಮಹಿಮೆಯನ್ನು ವಿವರಿಸಿರಿ. ಪುಣ್ಯಕೋಟಿಯ ಮಾತೃವಾತ್ಸಲ್ಯವನ್ನು ಕುರಿತು ಬರೆಯಿರಿ. ಹುಲಿಯ ಪರಿವರ್ತನೆಗೆ ಕಾರಣವೇನು? ಒಂದರಲ್ಲಾದರೂ ಆ ಹಸುಗಳ ಸುದ್ದಿಯಿಲ್ಲ. ಆದರೆ ಹತ್ತು ವಯಸ್ಸಿನ ಮಗುವಿನ ಪಾಲಿಗೆ ಆ ಹಾಡಿನಲ್ಲಿ ನಿಲ್ಲುವ ಜಾಗ ಯಾವುದು? ಹುಲಿಯ ಬಾಯಿಗೆ ನಡೆದು ಹೋಗುವ ಸಂದರ್ಭ ದೇವರ ದಯೆಯಿಂದ ಅದಕ್ಕೆ ಬಾರದು. ತಬ್ಬಲಿ ಕರು ಮುಂದೆ ಬಂದು ನಿಲ್ಲುವ ಸಂದರ್ಭ ಮಾತ್ರ ದಿನಕ್ಕೆರಡು ಸಲ ಬರುತ್ತದೆ: ಬುತ್ತಿ ತರದೆ ಬಂದ ಹುಡುಗ, ಹೊಸದಾಗಿ ಶಾಲೆಗೆ ಸೇರಿ ಯಾರ ಪಕ್ಕದಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತ ಹುಡುಗಿ. ಹಾಯದಿರುವುದು, ಒದೆಯದಿರುವುದು, ಪಕ್ಕದಲ್ಲಿ ಜಾಗ ಬಿಡುವುದು. ಕೇಳಿದ್ದು ಇಷ್ಟೇ. ಈ ಸಣ್ಣ ಬೇಡಿಕೆಯನ್ನು ಕೇಳಿಸಿಕೊಳ್ಳದಂತೆ ಮಾಡಿ, ಕಿವಿಯ ತುಂಬ ದೊಡ್ಡ ತ್ಯಾಗದ ಜಾಗಟೆಯನ್ನು ಬಾರಿಸಿದ್ದೇವೆಯೇ ಎಂಬುದು ನನ್ನ ಅನುಮಾನ.

ಅನುಮಾನ ಬಂದ ಮೇಲೆ ಮಿಕ್ಕ ಕಥೆಗಳ ಕಡೆಗೂ ಕಣ್ಣು ಹೋಯಿತು. ಕರ್ಣ ತನ್ನ ಕವಚಕುಂಡಲಗಳನ್ನು ಕತ್ತರಿಸಿ ಕೊಟ್ಟ. ಪಡೆದವನು ಯಾರು? ಬಡ ಬ್ರಾಹ್ಮಣನ ವೇಷದ ಇಂದ್ರ. ಬಲಿ ಮೂರು ಹೆಜ್ಜೆ ನೆಲ ಕೊಟ್ಟ. ಪಡೆದವನು ವಾಮನನ ವೇಷದ ವಿಷ್ಣು. ಶಿಬಿ ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದು ಕೊಟ್ಟ. ಪಾರಿವಾಳ ಅಗ್ನಿ, ಗಿಡುಗ ಇಂದ್ರ. ಹರಿಶ್ಚಂದ್ರನಿಂದ ರಾಜ್ಯ ಪಡೆದ ವಿಶ್ವಾಮಿತ್ರನಿಗೆ ರಾಜ್ಯ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಒಂದು ಪಂತದ ತೀರ್ಮಾನ. ಜೈಮಿನಿ ಭಾರತದ ಮಯೂರಧ್ವಜ ತನ್ನ ಅರ್ಧ ದೇಹವನ್ನೇ ಗರಗಸಕ್ಕೆ ಒಡ್ಡಿದ. ಕೇಳಿದವನು ಮುದುಕನ ವೇಷದ ಕೃಷ್ಣ. ಈ ಸಾಲನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ವಿಚಿತ್ರವಾದ ಒಂದು ಸಂಗತಿ ಕಾಣುತ್ತದೆ. ಇಷ್ಟು ದೊಡ್ಡ ದಾನಗಳಲ್ಲಿ ನಿಜವಾಗಿ ಹಸಿದವನು ಒಬ್ಬನೂ ಇಲ್ಲ. ಕೈಚಾಚಿದವರೆಲ್ಲ ವೇಷಧಾರಿಗಳು, ಪರೀಕ್ಷಕರು. ಕೊಡುವವನಿಗೆ ಮುಖವಿದೆ, ಕುಲವಿದೆ, ಕೀರ್ತಿಯಿದೆ, ಕೊನೆಗೆ ಪುಷ್ಪವೃಷ್ಟಿಯಿದೆ. ಪಡೆಯುವವನ ಮುಖವನ್ನು ತೆಗೆದರೆ ಒಳಗೆ ದೇವರು!

ಭಕ್ತಿಯ ದೃಷ್ಟಿಯಿಂದ ಇದಕ್ಕೆ ದೊಡ್ಡ ಅರ್ಥವಿದೆ, ಬೇಡುವವನಲ್ಲಿ ದೇವರನ್ನು ಕಾಣು ಎಂದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗು ಅದನ್ನು ಹಾಗೆ ಗ್ರಹಿಸುತ್ತದೆಯೇ? ಕೊಡುವುದೆಂದರೆ ಒಂದು ಪರೀಕ್ಷೆ, ತೇರ್ಗಡೆಯಾದರೆ ಬಹುಮಾನ ಎಂದು ಅದು ತಿಳಿದುಕೊಂಡರೆ ತಪ್ಪು ಮಗುವಿನದಲ್ಲ. ಕೊಟ್ಟದ್ದೆಲ್ಲ ಕೊನೆಯಲ್ಲಿ ಹಿಂದಕ್ಕೆ ಬರುತ್ತದೆ ಎಂದು ಕಥೆಯೇ ಹೇಳುತ್ತಿದೆಯಲ್ಲ! ಹರಿಶ್ಚಂದ್ರನಿಗೆ ರಾಜ್ಯ ಬಂತು, ಶಿಬಿಗೆ ಮೈ ತುಂಬಿತು. ಕರ್ಣನೊಬ್ಬನಿಗೆ ಕಳೆದುಕೊಂಡದ್ದು ಬರಲಿಲ್ಲ. ಕಾವ್ಯಗಳಲ್ಲಿ ಅವನು ಎಲ್ಲರಿಗಿಂತ ಹತ್ತಿರದವನಾಗಿ ನಮಗೆ ಕಾಣುವುದು ಅದರಿಂದಲೋ ಏನೋ.

ಗೋವಿನ ಹಾಡು ಈ ಸಾಲಿನಿಂದ ಹೊರಗೆ ನಿಲ್ಲುವುದು ಇಲ್ಲಿ. ಅದರ ಹುಲಿ ವೇಷದ ಹುಲಿಯಲ್ಲ. ಅದರ ಹಸಿವು ನಿಜವಾದದ್ದು, ಕರುವಿನ ಹಸಿವೂ ನಿಜವಾದದ್ದು. ಎರಡು ನಿಜವಾದ ಹಸಿವುಗಳ ನಡುವೆ ಒಂದು ತಾಯಿ ನಿಂತಿದೆ. ಹೆಸರಿಲ್ಲದ ಹಾಡುಗಾರ ಯಾರೋ, ದನ ಕಾಯ್ದವನೇ ಇರಬೇಕು, ಸ್ವರ್ಗದಿಂದ ಯಾರನ್ನೂ ಇಳಿಸದೆ ಕಥೆ ಮುಗಿಸಿದ್ದಾನೆ. ಇದನ್ನು ನಾನು ದೊಡ್ಡ ಕವಿತ್ವವೆಂದು ಭಾವಿಸುತ್ತೇನೆ.

ದೊಡ್ಡ ತ್ಯಾಗದ ಕಥೆಗಳು ನಿಷ್ಪ್ರಯೋಜಕವೆಂದು ಹೇಳಿದರೆ ನನ್ನ ಮಾತನ್ನು ಖಂಡಿಸುವುದಕ್ಕೆ ಗಾಂಧೀಜಿಯೊಬ್ಬರೇ ಸಾಕು. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ, ಎಲ್ಲರೂ ಹರಿಶ್ಚಂದ್ರನಂತೆ ಏಕಾಗಬಾರದೆಂದು ಹಗಲಿರುಳು ಕೊರಗಿದುದನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಕರಣವಿದೆ, 1901ರ ಕಲ್ಕತ್ತ ಕಾಂಗ್ರೆಸ್ಸಿನದು. ಅಲ್ಲಿದ್ದ ಸ್ವಯಂಸೇವಕರ ಚಿತ್ರವನ್ನು ಅವರು ಮುಗುಳುನಗೆಯಿಂದ ಬರೆದಿದ್ದಾರೆ. ಒಬ್ಬನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ದಾಟಿಸುವನು, ಆ ಇನ್ನೊಬ್ಬ ಮತ್ತೊಬ್ಬನಿಗೆ. ಪಾಯಿಖಾನೆಗಳು ತುಂಬಿ ನಾರುತ್ತಿದ್ದರೂ ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ದೂರ ಸರಿದರು. ಗಾಂಧಿ ಪೊರಕೆ ಕೇಳಿ ಪಡೆದು ತಾವು ಬಳಸುವಷ್ಟನ್ನು ತಾವೇ ತೊಳೆದುಕೊಂಡರು. ಕಾರ್ಯದರ್ಶಿ ಘೋಷಾಲರ ಕಛೇರಿಗೆ ಹೋಗಿ ಕೆಲಸವೇನಾದರೂ ಇದೆಯೇ ಎಂದು ಕೇಳಿ, ರಾಶಿ ಬಿದ್ದಿದ್ದ ಕಾಗದಗಳಿಗೆ ಗುಮಾಸ್ತನಂತೆ ಉತ್ತರ ಬರೆದರು. ಅವರ ಅಂಗಿಯ ಗುಂಡಿಯನ್ನೂ ಹಾಕಿಕೊಟ್ಟರು. ಹರಿಶ್ಚಂದ್ರನಿಂದ ಹೊರಟ ಮನಸ್ಸು ಅಂಗಿಯ ಗುಂಡಿಗೆ ಬಂದು ಮುಟ್ಟಿತು! ನಮ್ಮ ಪಾಠಗಳು ಮೊದಲ ಪ್ರಕರಣವನ್ನು ಆಯ್ದುಕೊಂಡಷ್ಟು ಉತ್ಸಾಹದಿಂದ ಎರಡನೆಯದನ್ನು ಆಯ್ದುಕೊಂಡದ್ದನ್ನು ನಾನು ಕಾಣೆ. ಪೊರಕೆ ಹಿಡಿದ ನಾಯಕನ ಚಿತ್ರವನ್ನು ಮುದ್ರಿಸುತ್ತೇವೆ. ಇತರರು ಏಕೆ ಹಿಡಿಯಲಿಲ್ಲವೆಂಬ ಪ್ರಶ್ನೆಯನ್ನು ಬಿಡುತ್ತೇವೆ.

ಶಿಬಿರದ ನಮ್ಮ ಕೆಲಸಕ್ಕೆ ಬರುತ್ತೇನೆ. ಹುಡುಗರು ಬೆಳಗ್ಗೆ ಗುದ್ದಲಿ, ಮಂಕರಿ ಹಿಡಿದು ಬೀದಿಯ ಚರಂಡಿ ತೆಗೆಯುತ್ತಿದ್ದರು. ಕೈಯಲ್ಲಿ ಬೊಬ್ಬೆ ಎದ್ದವರು ಅದನ್ನು ಪರಸ್ಪರ ತೋರಿಸಿಕೊಳ್ಳುತ್ತಿದ್ದರು. ಮೊಬೈಲಿನಲ್ಲಿ ಅದರ ಚಿತ್ರವನ್ನೂ ತೆಗೆದುಕೊಂಡರು. ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ವಯಸ್ಸಾದವರೊಬ್ಬರ ಪಕ್ಕದಲ್ಲಿ ಹೋಗಿ ಕುಳಿತು, “ಏನು ಯಜಮಾನರೆ, ನಮ್ಮ ಹುಡುಗರ ಕೆಲಸ ಹೇಗಿದೆ?” ಎಂದು ಕೇಳಿದೆ. ಹೊಗಳಿಕೆಯ ಆಸೆಯಿಂದಲೇ ಕೇಳಿದ್ದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ಎಲೆಅಡಿಕೆಯನ್ನು ದವಡೆಯ ಇನ್ನೊಂದು ಕಡೆಗೆ ಹೊರಳಿಸಿ, “ಹೈಕ್ಳು ಒಳ್ಳೇವೇ ಸಾ. ಆದ್ರೆ ಈ ಮೋರಿ ನಾವ್ ತೆಗ್ದಿದ್ರೆ ನಮ್ ಕೇರಿ ನಾಕಾಳಿಗೆ ಕೂಲಿ ಆಗಾದು” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬಂದರೆ ರಾಗಿ ಆಗೋದು ಎನ್ನುವ ಧಾಟಿಯಲ್ಲಿ ಹೇಳಿದ್ದು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಗ ನನಗೆ ನೆನಪಾಯಿತು. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನೆಡಿಸಿದ ರೀತಿಯನ್ನು ಎಲ್ಲರೂ ಮೆಚ್ಚಿದ್ದಾರೆ. ಇಲಿಗಳ ಮೆರವಣಿಗೆಯನ್ನು ಮಕ್ಕಳು ಕುಣಿಯುತ್ತ ಹೇಳುತ್ತಾರೆ. ನೀತಿಯ ದೃಷ್ಟಿಯಿಂದ ಅದನ್ನು ಮಾತು ಉಳಿಸಿಕೊಳ್ಳುವ ಪಾಠವೆಂದು ಹೇಳಿಬಿಡುತ್ತೇವೆ. ನಾನು ಅದನ್ನು ಕೂಲಿಯ ಕಥೆಯೆಂದು ಓದುತ್ತೇನೆ. ಜೋಗಿ ದಾನ ಬೇಡಲಿಲ್ಲ, ದುಡಿದದ್ದನ್ನು ಕೇಳಿದ. ಇಲಿಯ ಕಾಟ ತೀರಿದ ಕೂಡಲೇ ಊರ ಗೌಡನಿಗೆ ಆ ಹಣ ಹೆಚ್ಚೆನಿಸಿತು. ಸಾಲ ತೀರಿಸದ ಊರಿನಿಂದ ಜೋಗಿ ಕರೆದುಕೊಂಡು ಹೋದದ್ದು ಮಕ್ಕಳನ್ನು. ಅಂದರೆ ದೊಡ್ಡವರ ಕೂಲಿಗಳ್ಳತನದ ದಂಡವನ್ನು ಚಿಕ್ಕವರು ತೆತ್ತರು. ಕೊಡಬೇಕಾದ್ದನ್ನು ಕೊಡದ ಮನೆಯಲ್ಲಿ, ಕೊಡಬೇಕಾಗಿಲ್ಲದ್ದನ್ನು ಕೊಡು ಎಂದು ಮಗುವಿಗೆ ಕಲಿಸುವುದು ಹೇಗೆ? ನಗರದ ನಮ್ಮ ಮನೆಗಳಲ್ಲಿ ಹುಟ್ಟುಹಬ್ಬದ ದಿನ ಮಗುವಿನ ಕೈಯಿಂದ ಅನಾಥಾಲಯಕ್ಕೆ ಸಿಹಿ ಹಂಚಿಸುತ್ತೇವೆ. ಅದೇ ತಿಂಗಳು ಮನೆಗೆಲಸದವಳು ಎರಡು ದಿನ ಬರಲಿಲ್ಲವೆಂದು ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ. ಎರಡನ್ನೂ ಮಗು ನೋಡುತ್ತಿರುತ್ತದೆ. ಈ ಮಾತು ಬರೆಯುವಾಗ ನನ್ನ ಮನೆಯವರು ಹೆಗಲ ಮೇಲಿಂದ ಇಣುಕಿ ನೋಡಿ, “ಇದು ನಮ್ಮ ಮನೆಯದೇ ಅಲ್ಲವೆ?” ಎಂದರು. ಹೌದು.

ಇನ್ನು ‘ಕೆರೆಗೆ ಹಾರ’. ಅದನ್ನು ಬೀಚನಹಳ್ಳಿಯ ಕಟ್ಟೆಯ ಮೇಲೆ ನಿಂತು ನೆನೆದುಕೊಳ್ಳುವುದು ಬೇರೆಯೇ ಅನುಭವ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟರು, ನೀರು ಬಂತು. ಪಠ್ಯಗಳಲ್ಲಿ ಇದು ಬಹುಕಾಲ ತ್ಯಾಗದ ಮೇರುಗೀತೆಯಾಗಿ ನಿಂತಿದೆ. ಊರಿಗಾಗಿ ಪ್ರಾಣವನ್ನೇ ಅರ್ಪಿಸಿದ ಹೆಣ್ಣುಮಗಳು ಎಂದು ಬರೆದರೆ ಪೂರ್ಣಾಂಕ. ಆದರೆ ಹಾಡು ಏನು ಹೇಳುತ್ತಿದೆ? ಮನೆಯ ಹಿರಿಯರು ಗುಟ್ಟಾಗಿ ನಿರ್ಧರಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಪೂಜೆ ಮುಗಿಸಿ ಬರುವಾಗ ಬಂಗಾರದ ಬಟ್ಟಲನ್ನು ಬೇಕೆಂದೇ ಮರೆತು ಬಂದು, ತರುವುದಕ್ಕೆ ಅವಳನ್ನು ಕಳುಹಿಸಿದರು. ಮೆಟ್ಟಿಲು ಮೆಟ್ಟಿಲಾಗಿ ನೀರು ಏರಿತು. ಜನಪದ ಕವಿ ಇಲ್ಲಿ ಒಂದು ಮಾತನ್ನೂ ವ್ಯಾಖ್ಯಾನಕ್ಕೆಂದು ಆಡುವುದಿಲ್ಲ. ನೀರು ಎಲ್ಲಿಯವರೆಗೆ ಬಂತೆಂದು ಹೇಳುತ್ತ ಹೋಗುತ್ತಾನೆ, ಅಷ್ಟೆ. ಆ ಸಂಯಮದಲ್ಲಿ ಎಷ್ಟು ದೊಡ್ಡ ಆಕ್ಷೇಪಣೆ ಅಡಗಿದೆ! ಅದನ್ನು ಕೇಳದೆ ನಾವು ಮಕ್ಕಳಿಗೆ ತ್ಯಾಗವೆಂದು ಹೇಳಿಕೊಟ್ಟೆವು. ಕೇಳದೆ ತೆಗೆದುಕೊಂಡದ್ದಕ್ಕೆ ಕೊಟ್ಟರು ಎಂಬ ಕ್ರಿಯಾಪದವನ್ನು ಹಚ್ಚುವುದು ವ್ಯಾಕರಣದ ತಪ್ಪಲ್ಲ, ಅದಕ್ಕಿಂತ ದೊಡ್ಡದು.

ಕಟ್ಟೆಯ ಹಿಂದೆ ನೋಡಿದರೆ ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಸತ್ತ ಮರಗಳ ಬೋಳು ಕಾಂಡಗಳು ನಿಂತಿರುತ್ತವೆ. ಆನೆಗಳ ಖೆಡ್ಡಾಕ್ಕೆ ಹೆಸರಾಗಿದ್ದ, ಮಾಸ್ತಿಯವರ ನಾಟಕಕ್ಕೆ ಹೆಸರು ಕೊಟ್ಟ ಕಾಕನಕೋಟೆಯ ಹಳೆಯ ನೆಲ ಈ ನೀರಿನ ಕೆಳಗಿದೆ. ಕಟ್ಟೆಗೆಂದು ನೆಲ ಬಿಟ್ಟವರು, ಕಾಡು ಬಿಟ್ಟು ಹೊರಗೆ ಬರಬೇಕಾಗಿ ಬಂದ ಜೇನುಕುರುಬರು, ಇವರ ಹಾಡಿಗಳು, ಹೊಸ ಊರುಗಳು ಈ ಸೀಮೆಯ ತುಂಬ ಇವೆ. 19.52 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಿಂದ ಕೆಳಗಿನ ಬಯಲುಗಳಿಗೂ ಆಚೆಯ ತಮಿಳುನಾಡಿಗೂ ನೀರು ಹರಿದುಹೋಗುತ್ತದೆ. ಕಟ್ಟೆ ಬೇಡವಾಗಿತ್ತೆಂದು ವಾದಿಸುವುದು ನನ್ನ ವಿಷಯವಲ್ಲ, ಆ ವಿದ್ಯೆಯೂ ನನಗಿಲ್ಲ. ನನ್ನ ಹುಡುಗರು ಈ ಊರಿಗೆ ‘ಸೇವೆ ಕೊಡಲು’ ಬಂದೆವೆಂದು ಭಿತ್ತಿಪತ್ರ ಅಂಟಿಸಿದ್ದರು. ಕೊಟ್ಟವರ ನೆಲಕ್ಕೆ ಪಡೆದವರು ಬಂದು ದಾನಿಗಳ ಠೀವಿಯಲ್ಲಿ ನಿಂತಂತೆ ನನಗೆ ಕಂಡಿತು. ಅವರಿಗೆ ಹೇಳಲಿಲ್ಲ, ಆ ಹೊತ್ತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಇದೇ ಸೀಮೆಗೆ 1980ರ ದಶಕದಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳೂ ಬಂದರು. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಸರಗೂರಿನಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯನ್ನೂ ನಡೆಸಿಕೊಂಡು ಬಂದಿದೆ. ಅವರು ಏಳು ದಿನಕ್ಕೆ ಹಿಂದಿರುಗಲಿಲ್ಲ. ಎರಡಕ್ಕೂ ಸೇವೆ ಎಂಬ ಒಂದೇ ಪದವನ್ನು ಬಳಸುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಪುಸ್ತಕಗಳಿಗಿಂತ ಹೆಚ್ಚು ಚೆನ್ನಾಗಿ ಇದನ್ನು ಕಲಿಸಿದ ಪದ್ಧತಿಗಳು ನಮ್ಮಲ್ಲಿ ಇಲ್ಲವೇ ಎಂದು ಓದುಗರು ಕೇಳಬಹುದು. ಇವೆ. ಹಳೆಯ ಮೈಸೂರಿನ ಮನೆಗಳಲ್ಲಿ ಸಂಕ್ರಾಂತಿಯ ದಿನ ಎಳ್ಳು ಬೀರುವುದು ಮಕ್ಕಳ ಕೆಲಸ. ಹೊಸ ಲಂಗ ತೊಟ್ಟು ತಟ್ಟೆ ಹಿಡಿದು ಮನೆಮನೆಗೆ ಹೋಗುವ ಹುಡುಗಿ, ಕೊಡುವುದು ಎಂದರೆ ಬಾಗಿಲು ತಟ್ಟುವುದು, ಹೆಸರು ಹಿಡಿದು ಕರೆಯುವುದು, ಅವರು ಕೊಟ್ಟದ್ದನ್ನು ತಾನೂ ತೆಗೆದುಕೊಳ್ಳುವುದು ಎಂದು ಕಲಿಯುತ್ತಿದ್ದಳು. ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಕಳುಹಿಸುತ್ತಿದ್ದದ್ದೂ ಮಕ್ಕಳನ್ನೇ. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಜ್ಜಿ ಚೂರು ಬೆಲ್ಲ ಹಾಕಿ ಕೊಡುತ್ತಿದ್ದರು. ಕೇಳುವುದಕ್ಕೂ ಒಂದು ಶಿಕ್ಷಣ ಬೇಕು. ಕೇಳಿ ಅಭ್ಯಾಸವಿಲ್ಲದವನು ಕೊಡುವಾಗ ಒರಟನಾಗುತ್ತಾನೆ. ಹೊಲದ ಕೆಲಸದಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು: ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಅಲ್ಲಿ ದಾನಿಯೂ ಇಲ್ಲ, ದೀನನೂ ಇಲ್ಲ. ಊರು ಬಿಟ್ಟು ಓದಲು ಬಂದ ಬಡ ಹುಡುಗರು ದಿನಕ್ಕೊಂದು ಮನೆಯಂತೆ ಉಂಡು ಓದಿದ ವಾರಾನ್ನದ ಪದ್ಧತಿ ಮೈಸೂರಿನಲ್ಲಿ ಎಷ್ಟು ವಿದ್ವಾಂಸರನ್ನು ಬೆಳೆಸಿತೆಂದು ನಮ್ಮ ಹಿರಿಯರ ನೆನಪಿನ ಬರಹಗಳನ್ನು ಓದಿದವರೆಲ್ಲ ಬಲ್ಲರು.

ಹೀಗೆ ಹಳೆಯದನ್ನು ಹೊಗಳುತ್ತ ಹೋಗುವುದು ಸುಲಭ. ಅಲ್ಲಿ ಒಂದು ಪ್ರಶ್ನೆಯನ್ನು ನುಂಗಿಕೊಂಡಿರಬೇಕಾಗುತ್ತದೆ. ಎಳ್ಳಿನ ಆ ತಟ್ಟೆ ಯಾವ ಬೀದಿಯ ತಿರುವಿನಲ್ಲಿ ಹಿಂದಕ್ಕೆ ತಿರುಗುತ್ತಿತ್ತು? ವಾರಾನ್ನದ ಮನೆಯ ಪಡಸಾಲೆಯಲ್ಲಿ ಎಲೆ ಹಾಕುವ ಮೊದಲು ಹುಡುಗನನ್ನು ಏನು ಕೇಳುತ್ತಿದ್ದರು? ಮನೆಯಲ್ಲಿ ಕಲಿತ ಔದಾರ್ಯಕ್ಕೆ ಬೇಲಿಯಿತ್ತು, ಆ ಬೇಲಿಯನ್ನೂ ಮಕ್ಕಳು ಕೊಡುವುದರ ಜೊತೆಯಲ್ಲೇ ಕಲಿತರು. ನನ್ನ ಬಾಲ್ಯದ ತಟ್ಟೆಯೂ ಒಂದು ತಿರುವಿನಿಂದ ಹಿಂದಿರುಗಿದ್ದೇ. ಏಕೆಂದು ಕೇಳಿದ ನೆನಪು ನನಗಿಲ್ಲ. ಬೀಚನಹಳ್ಳಿಯ ಹುಡುಗಿಯ ಪ್ರಶ್ನೆ ನನ್ನನ್ನು ಇಷ್ಟು ಕಾಡಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಬೇಲಿಯಿಲ್ಲದ, ವೇಷವೂ ಇಲ್ಲದ ಒಂದು ಪ್ರಸಂಗವನ್ನು ಹುಡುಕಿದರೆ ನನ್ನ ಕೈ ಹೋಗುವುದು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಡೆಗೆ. ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಇಬ್ಬರೂ ದಾಸೋಹ ನಡೆಸಬೇಕು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರು ಬೇಕೆಂದೇ ಹೆಚ್ಚು ಚೆಲ್ಲಿಸಿದ್ದರೆಂದು ಕಥೆ. ನಮ್ಮಂಥವರಾದರೆ ಇನ್ನೂ ನಾಲ್ಕು ಎಲೆ ಹೆಚ್ಚಿಗೆ ಹಾಕಬಹುದೆಂದು ಸಂತೋಷಪಡುತ್ತಿದ್ದೆವು. ಲಕ್ಕಮ್ಮ, ಈ ಆಸೆ ನಿಮಗೆಲ್ಲಿಂದ ಬಂತೆಂದು ಗಂಡನನ್ನು ತಡೆದು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಅಲ್ಲಿಯೂ ಪರೀಕ್ಷೆಯಿದೆ, ನಿಜ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಕೊಟ್ಟು ಅಲ್ಲ, ತೆಗೆದುಕೊಳ್ಳದೆ. ಕೊಡುವುದಕ್ಕೆಂದೇ ಆದರೂ ಹೆಚ್ಚು ಬಾಚಿಕೊಳ್ಳಬಾರದೆಂಬ ಆ ಸೂಕ್ಷ್ಮ, ಕೋಟಿ ಗಳಿಸಿ ಲಕ್ಷ ಹಂಚುವುದನ್ನು ಔದಾರ್ಯವೆಂದು ಪತ್ರಿಕೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಕರ್ಣನ ಕಥೆಗಿಂತ ತುರ್ತಾದದ್ದು. ಅದೂ ಅಲ್ಲದೆ ಇಲ್ಲಿ ದಾನಿ ಬಡವಿ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಬಡವರು ಪಡೆಯುವುದನ್ನು ಕಂಡಷ್ಟು, ಕೊಡುವುದನ್ನು ನಾವು ಕಾಣುವುದಿಲ್ಲ.

ಇಂದಿನ ಮಕ್ಕಳ ಬರಹಗಾರರಿಗೆ ನಾನು ಹೇಳುವ ಮಾತು ಚಿಕ್ಕದು. ಪಡೆಯುವವನನ್ನು ಕಥೆಯೊಳಕ್ಕೆ ತನ್ನಿರಿ. ಅವನಿಗೆ ಹೆಸರು ಕೊಡಿರಿ, ಮಾತು ಕೊಡಿರಿ, ಬೇಡವೆನ್ನುವ ಹಕ್ಕನ್ನೂ ಕೊಡಿರಿ. ಹಾಗೆಯೇ ಕೊಟ್ಟವನ ಬೆನ್ನನ್ನು ಕಥೆಯ ಕೊನೆಯಲ್ಲಿ ತಟ್ಟಬೇಡಿರಿ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಕಸ್ತೂರಿ ಬಣ್ಣದ ತುತ್ತೂರಿ ಊದುತ್ತ ಮೆರೆದ, ಅದು ಕೊಳಕ್ಕೆ ಜಾರಿತು, ಸದ್ದು ಕೆಟ್ಟಿತು. ಮಕ್ಕಳು ಜಂಬದ ಅಪಾಯವನ್ನು ನಗುತ್ತ ನಗುತ್ತಲೇ ಕಲಿತರು, ಉಪದೇಶದಿಂದಲ್ಲ. ಈಗ ಶಾಲೆಶಾಲೆಗಳಲ್ಲಿ ಸೇವೆಯ ಪ್ರಮಾಣಪತ್ರದ ತುತ್ತೂರಿಗಳನ್ನು ಹಂಚುತ್ತಿದ್ದೇವೆ. ಕೊಳ ಎಲ್ಲಿದೆಯೋ ನಾನರಿಯೆ.

ಆ ಸಂಜೆಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವೆಂದು ಹೇಳಿದೆ. ನಾನು ತಡವರಿಸುತ್ತಿದ್ದಾಗ ಪಕ್ಕದಲ್ಲಿದ್ದ ಇನ್ನೊಂದು ಹಸು, ಅಂದರೆ ಅವಳ ಗೆಳತಿ, ಅವಳನ್ನು ಮೊಣಕೈಯಿಂದ ತಿವಿದು, “ಹೂಂ ಅನ್ನಾಕಿಲ್ಲ ಕಣೆ. ಬ್ಯಾರೆ ಕರ ಬಾಯಿಕ್ಕುದ್ರೆ ಹಸ ಒದೀತದೆ” ಎಂದಳು. ಮೈಸೂರಿನಲ್ಲಿ ಪ್ಯಾಕೆಟ್ ಹಾಲು ಕುಡಿಯುವ ನನಗೆ ಇದು ತಿಳಿದಿರಲಿಲ್ಲ. ಪುಣ್ಯಕೋಟಿ ಒದೆಯಬೇಡಿರಿ ಎಂದು ಏಕೆ ಬೇಡಿಕೊಂಡಿತೆಂಬುದು ಆಗ ಅರ್ಥವಾಯಿತು. ಅಲಂಕಾರವೆಂದುಕೊಂಡಿದ್ದೆ, ಅನುಭವದ ಮಾತಾಗಿತ್ತು. ಹಾಗಾದರೆ ತಾಯಿ ಸತ್ತ ಕರುವನ್ನು ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ಮೊದಲನೆಯವಳು ಹೇಳಿದಳು: “ಹಸಕ್ಕೆ ಬೂಸ ಇಟ್ಟು, ಹಿಂಗಾಲಿಗೆ ಹಗ್ಗ ಹಾಕಿ, ನಮ್ಮಪ್ಪ ಹಿಡ್ಕತಾನೆ. ನಾನು ಕರ ಬಿಡ್ತೀನಿ. ನಾಕ್ ದಿವ್ಸ ಒದೀತದೆ ಸಾ. ಆಮ್ಯಾಕೆ ಒಗ್ಗೋಯ್ತದೆ.”

“ಒಗ್ಗದಿದ್ದರೆ?” ಎಂದೆ.

“ಇನ್ನೂ ನಾಕ್ ದಿವ್ಸ ಹಿಡ್ಕತೀವಿ” ಎಂದು ಹೇಳಿ ಕೊಂಬನ್ನು ಚೀಲಕ್ಕೆ ಹಾಕಿಕೊಂಡಳು.